ಊರನ್ನು ಕೇಳುವ ಬಗೆ

ಕಾಸರಗೋಡು ಪಟ್ಟಣಕ್ಕೆ ಹೊಂದಿಕೊಂಡಿರುವ ವಿದ್ಯಾನಗರವು ತನ್ನ ಹೆಸರಿಗೆ ಒಪ್ಪುವಂತೆ 1957ರಲ್ಲಿ ಸ್ಥಾಪಿತವಾದ ಸರಕಾರಿ ಕಾಲೇಜನ್ನು ಮಡಿಲಲ್ಲಿಟ್ಟುಕೊಂಡಿರುವುದು ಮಾತ್ರವಲ್ಲದೆ, 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಬಳಿಕ ಜಿಲ್ಲಾಧಿಕಾರಿಗಳ ಕಚೇರಿಗೂ ನೆಲೆಯಾಗಿ, ಉತ್ತರದ ತಲಪಾಡಿಯಿಂದ ದಕ್ಷಿಣದ ತೃಕ್ಕರಿಪುರದವರೆಗಿನ ಜನರೆಲ್ಲ ತಮ್ಮ ಅಹವಾಲುಗಳನ್ನು ಹೊತ್ತು ಬರುವ ಸ್ಥಳವಾಗಿ ಪರಿಣಮಿಸಿದೆ. ಆ ಕಚೇರಿಯ ಮುಂದೆ ಧರಣಿ ಕುಳಿತವರಲ್ಲಿ, ನಡೆಯಲಾರದ, ಮಾತು ಬಾರದ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತವಾದ ಕುಟುಂಬಗಳ ತಾಯಂದಿರನ್ನು ಕಂಡವರು ಅದನ್ನು ಮರೆಯಲಾರರು. ಅವರು ಕೇಳಿದ್ದು ಪರಿಹಾರಧನವನ್ನು, ಚಿಕಿತ್ಸೆಯನ್ನು, ಸಾಲಮುಕ್ತಿಯನ್ನು. ಆದರೆ ಆ ಬೇಡಿಕೆಗಳಿಗೆಲ್ಲ ಮೂಲವಾದ ಅನ್ಯಾಯವೊಂದುಂಟು. ಅವರ ಮನೆಗಳ ಮೇಲೆ, ಬಾವಿಗಳ ಮೇಲೆ, ತೋಡುಗಳ ಮೇಲೆ ವಿಷವನ್ನು ಸಿಂಪಡಿಸುವುದಕ್ಕೆ ಮುನ್ನ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಪರಿಸರದ ವಿಚಾರದಲ್ಲಿ ಜನಾಭಿಪ್ರಾಯವನ್ನು ಪಡೆಯುವುದೆಂದರೇನು, ಅದರಲ್ಲಿ ಒಂದು ವಾರ್ಡಿನಿಂದ ಆರಿಸಿ ಬಂದ ಸಾಮಾನ್ಯ ಸದಸ್ಯನ ಅಥವಾ ಸದಸ್ಯೆಯ ಪಾತ್ರವೇನು ಎಂಬ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈ ಜಿಲ್ಲೆಗಿಂತ ಯೋಗ್ಯವಾದ ಸ್ಥಳ ದೇಶದಲ್ಲಿ ಹೆಚ್ಚಿರಲಾರದು. ಈ ಪಾತ್ರವನ್ನು ನಾವು ಸಾಮಾನ್ಯವಾಗಿ ಕಿರಿದೆಂದೇ ಭಾವಿಸುತ್ತೇವೆ. ದೊಡ್ಡ ಯೋಜನೆಗಳ ನಿರ್ಧಾರ ದೆಹಲಿಯಲ್ಲಿಯೋ ತಿರುವನಂತಪುರದಲ್ಲಿಯೋ ಆಗತಕ್ಕದ್ದು, ವಾರ್ಡಿನ ಸದಸ್ಯನಾದವನು ಚರಂಡಿ, ಬೀದಿದೀಪ, ಕಸದ ಗಾಡಿ ಇಷ್ಟನ್ನು ನೋಡಿಕೊಂಡರೆ ಸಾಕು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಭಾವನೆ ತಪ್ಪೆಂದು ನಾನು ನಂಬುತ್ತೇನೆ. ಏಕೆಂದರೆ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ, ಯಾವ ಬಾವಿಯ ನೀರಿಗೆ ಬಣ್ಣ ಬಂದಿದೆ, ಯಾವ ಗುಡ್ಡದ ಬುಡವನ್ನು ಅಗೆದ ಮೇಲೆ ಕೆಳಗಿನ ಮನೆಯ ಗೋಡೆ ಬಿರುಕು ಬಿಟ್ಟಿತು ಎಂಬುದು ಮೊತ್ತಮೊದಲು ತಿಳಿಯುವುದು ಆ ಸದಸ್ಯನಿಗೆ. ಆಡಳಿತದ ಕಿವಿ ಇರುವುದು ಅಲ್ಲಿ.

ಕಾಸರಗೋಡಿನಂಥ ಕಡೆ ಆ ಕಿವಿಗೆ ಬೀಳುವ ದೂರುಗಳಲ್ಲಿ ಬಹುಪಾಲು ನೀರಿನವು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಮಾರ್ಚ್ ತಿಂಗಳು ಬರುವಷ್ಟರಲ್ಲಿ ಬಾವಿಗಳ ತಳ ಕಾಣುವುದು ಹೊರಗಿನವರಿಗೆ ಆಶ್ಚರ್ಯವಾಗಿ ತೋರಬಹುದು. ಆದರೆ ಸಮುದ್ರದತ್ತ ಇಳಿಜಾರಾಗಿ ವಾಲಿಕೊಂಡ ಮುರಕಲ್ಲಿನ ಗುಡ್ಡಗಳ ಮೇಲೆ ಬಿದ್ದ ನೀರು ಅಲ್ಪಕಾಲದಲ್ಲಿ ಹರಿದುಹೋಗುವುದೇ ಈ ನೆಲದ ಸ್ವಭಾವವಾದುದರಿಂದ, ಹಿಂದಿನವರು ಗುಡ್ಡದ ಒಡಲಿಗೆ ಅಡ್ಡವಾಗಿ ಸುರಂಗಗಳನ್ನು ಕೊರೆದು, ಎತ್ತರದಲ್ಲಿ ಮದಕಗಳೆಂಬ ಕೆರೆಗಳನ್ನು ಉಳಿಸಿಕೊಂಡು, ತೋಡುಗಳಿಗೆ ಕಟ್ಟಗಳನ್ನು ಹಾಕಿ ನೀರನ್ನು ನಿಲ್ಲಿಸಿಕೊಂಡಿದ್ದರು. ಪಟ್ಟಣದ ನಲ್ಲಿಗಳ ಕಥೆ ಬೇರೆ. ಪಯಸ್ವಿನಿ ಎಂದೂ ಕರೆಯಲ್ಪಡುವ ಚಂದ್ರಗಿರಿ ಹೊಳೆಯಿಂದ ಬಾವಿಕ್ಕರೆಯಲ್ಲಿ ಎತ್ತುವ ನೀರು ಕಾಸರಗೋಡಿನ ನಲ್ಲಿಗಳಿಗೆ ಬರುತ್ತಿದ್ದು, ಬೇಸಗೆಯಲ್ಲಿ ಹೊಳೆ ಸೊರಗಿದಾಗ ಕಡಲಿನ ಉಪ್ಪುನೀರು ಒಳನುಗ್ಗಿ, ಮರಳಿನ ಚೀಲಗಳ ತಾತ್ಕಾಲಿಕ ಒಡ್ಡನ್ನೂ ದಾಟಿ, ಮನೆಮನೆಯ ನಲ್ಲಿಯಲ್ಲಿ ಉಪ್ಪಾಗಿ ಇಳಿಯುತ್ತಿದ್ದ ವರ್ಷಗಳನ್ನು ಇಲ್ಲಿಯ ಗೃಹಿಣಿಯರು ಚೆನ್ನಾಗಿ ಬಲ್ಲರು. ಶಾಶ್ವತವಾದ ಅಣೆಕಟ್ಟು ದಶಕಗಳ ಎಳೆದಾಟದ ಬಳಿಕವಷ್ಟೇ ಕೈಗೂಡಿತು. ಆ ಉಪ್ಪಿನ ವಿಚಾರವನ್ನು ವರ್ಷವರ್ಷವೂ ಪುನಃ ಪುನಃ ಸಭೆಯಲ್ಲಿ ಎತ್ತಿ, ಮೇಲಿನವರಿಗೆ ಬರೆದು, ಉತ್ತರ ಬಾರದಿದ್ದಾಗ ಮತ್ತೆ ಬರೆಯಬೇಕಾದದ್ದು ವಾರ್ಡಿನ ಪ್ರತಿನಿಧಿಯ ಪಾಲಿಗೆ ಬಂದ ಕೆಲಸ.

ಈ ಪ್ರತಿನಿಧಿಗೆ ಕಾನೂನು ಒಂದು ಸಭೆಯನ್ನು ಒದಗಿಸಿಕೊಟ್ಟಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳನ್ನು ಅನುಸರಿಸಿ ಕೇರಳವು 1994ರಲ್ಲಿ ತನ್ನ ಪಂಚಾಯತ್ ರಾಜ್ ಮತ್ತು ನಗರಸಭಾ ಕಾಯಿದೆಗಳನ್ನು ರಚಿಸಿತು. 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯ ಯೋಜನಾ ಆಂದೋಲನವು ರಾಜ್ಯದ ಯೋಜನಾ ಹಣದ ಮೂರನೆಯ ಒಂದು ಪಾಲಿಗೂ ಮಿಕ್ಕಿದುದನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಒಪ್ಪಿಸಿತು. ಪಂಚಾಯತಿನಲ್ಲಿ ಗ್ರಾಮಸಭೆಯೆಂದೂ ಸಣ್ಣ ನಗರಸಭೆಗಳಲ್ಲಿ ವಾರ್ಡುಸಭೆಯೆಂದೂ ಕರೆಯಲ್ಪಡುವ ಈ ಸಭೆಯಲ್ಲಿ ಆ ವಾರ್ಡಿನ ಮತದಾರರೆಲ್ಲರೂ ಸದಸ್ಯರು. ಅದನ್ನು ಕರೆಯುವ ಹೊಣೆ ವಾರ್ಡಿನಿಂದ ಆರಿಸಿ ಬಂದವರದು. ಗ್ರಾಮಸಭೆ ನಡೆಯಬೇಕಾದರೆ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಹಾಜರಿರತಕ್ಕದ್ದು. ನಮ್ಮ ಕರ್ನಾಟಕದಲ್ಲಿ ಇದಕ್ಕಿಂತ ಮೊದಲೇ, ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದ ಕಾಲದಲ್ಲಿ, 1983ರ ಕಾಯಿದೆಯ ಮೂಲಕ ಗ್ರಾಮಸಭೆಗೆ ಸ್ಥಾನ ದೊರಕಿತ್ತೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು.

ಆದರೆ ಆ ಸಭೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಶಾಲೆಯ ಒಂದು ಕೊಠಡಿ. ಬಾಗಿಲ ಬಳಿ ಮೇಜಿನ ಮೇಲೆ ತೆರೆದಿಟ್ಟ ಹಾಜರಿ ಪುಸ್ತಕ. ಬಂದವರು ಹೆಸರು ಬರೆದು ರುಜು ಹಾಕಿ ಮಕ್ಕಳ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು, ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಸದಸ್ಯೆಯರು. ಮನೆ ಕಟ್ಟಿಸಿಕೊಳ್ಳುವವರ ಪಟ್ಟಿ, ಹಿತ್ತಲಿಗೆ ಸಸಿ ಪಡೆಯುವವರ ಪಟ್ಟಿ, ಪಿಂಚಣಿಯ ಪಟ್ಟಿ, ಇವುಗಳನ್ನು ಓದಿ ಮುಗಿಸುವ ತನಕ ಸಭೆ ತುಂಬಿರುತ್ತದೆ. ತನ್ನ ಹೆಸರು ಇದೆಯೆಂದು ತಿಳಿದವಳು ಮೆಲ್ಲನೆ ಎದ್ದುಹೋಗುತ್ತಾಳೆ, ಇಲ್ಲವೆಂದು ತಿಳಿದವಳು ಬೇಸರದಿಂದ ಎದ್ದುಹೋಗುತ್ತಾಳೆ. ಮುರಕಲ್ಲಿನ ಕೋರೆಗೆ ಅನುಮತಿ, ಹಡಿಲು ಬಿದ್ದ ಗದ್ದೆಗೆ ಮಣ್ಣು ತುಂಬಿಸಿದ ದೂರು, ಕಸವನ್ನು ಬೇರ್ಪಡಿಸಿ ಹರಿತಕರ್ಮಸೇನೆಯ ಮಹಿಳೆಯರ ಕೈಗೆ ಕೊಡುವ ವ್ಯವಸ್ಥೆ, ಇಂಥ ವಿಷಯಗಳ ಸರದಿ ಬರುವಾಗ ಬೆಂಚುಗಳು ಅರ್ಧ ಬರಿದಾಗಿರುತ್ತವೆ. ಬಡತನವುಳ್ಳ ಕಡೆ ಪಟ್ಟಿಯೇ ಮೊದಲಾಗುವುದು ಸಹಜವಾದುದರಿಂದ ಇದಕ್ಕಾಗಿ ಜನರನ್ನು ದೂರುವುದು ನ್ಯಾಯವಲ್ಲ. ಪರಿಸರದ ವಿಷಯವನ್ನು ಕಾರ್ಯಸೂಚಿಯ ಮೊದಲಿಗೆ ತಂದಿರಿಸುವುದು ಸಭೆ ಕರೆದವರ ಕೈಯಲ್ಲಿದೆ. ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದು, ಸಭೆಗೆ ಬಂದವರಲ್ಲಿಯೂ ನೀರು ಹೊರುವವರು ಕಸ ಗುಡಿಸುವವರು ಅವರೇ ಆಗಿರುವಾಗ, ಆ ಮಾರ್ಪಾಡನ್ನು ಮಾಡುವುದಕ್ಕೆ ಅನುಕೂಲವಾದ ಕಾಲ ಈಗ ಬಂದಿದೆಯೆಂದೇ ನನ್ನ ಭಾವನೆ.

ಕೇಳದೆ ನಡೆದರೆ ಏನಾಗುವುದೆಂಬುದಕ್ಕೆ ನಿದರ್ಶನವಾಗಿ ಈ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೇರಳದ ತೋಟಗಾರಿಕಾ ನಿಗಮದ ಗೇರುತೋಟಗಳು ಈ ಜಿಲ್ಲೆಯ ಗುಡ್ಡಗಳಲ್ಲಿ ಸುಮಾರು 4,700 ಹೆಕ್ಟೇರಿನಷ್ಟು ಹಬ್ಬಿದ್ದವು. ಗೇರಿನ ಚಿಗುರನ್ನೂ ಹೂವನ್ನೂ ಕೊರೆದು ಒಣಗಿಸುವ ಚಹಾ ಸೊಳ್ಳೆಯೆಂಬ ಕೀಟವನ್ನು ಅಡಗಿಸುವ ಸಲುವಾಗಿ 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ತೋಟವಿದ್ದುದು ಗುಡ್ಡದ ಮೇಲೆ. ಮನೆ, ಶಾಲೆ, ಬಾವಿ, ಸುರಂಗ, ತೋಡು ಇದ್ದುದು ಕೆಳಗಿನ ಕಣಿವೆಯಲ್ಲಿ. ಏರಿಳಿತದ ಭೂಮಿಯಲ್ಲಿ ಮರದ ತುದಿಗೆ ಸಮೀಪವಾಗಿ ಹಾರುವುದು ಹೆಲಿಕಾಪ್ಟರಿಗೆ ಸಾಧ್ಯವಾಗದೆ, ಮೇಲಿನಿಂದ ಬಿದ್ದ ಮಂಜಿನಂಥ ಹನಿ ಗಾಳಿಯೊಡನೆ ಸೇರಿ ಎಲ್ಲೆಲ್ಲಿಯೂ ಇಳಿಯಿತು. ಉಳಿದುದನ್ನು ಮಳೆ ತೊಳೆದು ಕೆಳಕ್ಕೆ ತಂದಿತು.

1971ರ ಕೀಟನಾಶಕ ನಿಯಮಾವಳಿಯಲ್ಲಿ ವಿಮಾನದಿಂದ ಸಿಂಪಡಿಸುವುದರ ಕುರಿತು ಸ್ಪಷ್ಟವಾದ ವಿಧಿಗಳು ಇದ್ದೇ ಇದ್ದವು. ಸಿಂಪಡಣೆಯ ವಿಷಯವನ್ನು ಇಪ್ಪತ್ತನಾಲ್ಕು ಗಂಟೆಗಳಿಗೆ ಕಡಿಮೆಯಾಗದಂತೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸತಕ್ಕದ್ದು. ಸಂಬಂಧವಿಲ್ಲದ ಜನರೂ ಜಾನುವಾರುಗಳೂ ಆ ಪ್ರದೇಶವನ್ನು ಪ್ರವೇಶಿಸದಂತೆ ನೋಡಿಕೊಳ್ಳತಕ್ಕದ್ದು. ಅಂಗೀಕೃತವಾದ ಎತ್ತರವನ್ನು ಮೀರತಕ್ಕದ್ದಲ್ಲ. ಇದನ್ನು ಓದುವಾಗ ಒಂದು ವಿಷಯ ಮನಸ್ಸಿಗೆ ನಾಟುತ್ತದೆ. ನಾಳೆ ಬೆಳಿಗ್ಗೆ ವಿಷ ಬೀಳುತ್ತದೆ, ಬಾವಿ ಮುಚ್ಚಿಕೊಳ್ಳಿರಿ ಎಂದು ಸಾರುವುದಕ್ಕೆ ನಿಯಮದಲ್ಲಿ ಅವಕಾಶವಿತ್ತು, ಬೀಳಬೇಕೋ ಬೇಡವೋ ಎಂದು ಕೇಳುವುದಕ್ಕೆ ಇರಲಿಲ್ಲ. ಹರಿಯುವ ತೋಡನ್ನೂ ತೆರೆದ ಸುರಂಗದ ಬಾಯನ್ನೂ ಯಾವ ಬಟ್ಟೆಯಿಂದ ಮುಚ್ಚಬೇಕೆಂದು ಆ ಊರಿನ ಒಬ್ಬನೇ ಒಬ್ಬ ರೈತನನ್ನು ಮೊದಲೇ ಕೇಳಿದ್ದರೂ ಯೋಜನೆಯ ದೋಷ ಆಗಲೇ ಬೆಳಕಿಗೆ ಬರುತ್ತಿತ್ತು.

ಕೇಳುವವರಿಲ್ಲದಾಗ ಊರಿನವರೇ ಪರಸ್ಪರ ಕೇಳಿಕೊಳ್ಳತೊಡಗಿದರು. ಎಣ್ಮಕಜೆಯ ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆಯವರು ಊನಾಂಗವಾಗಿ ಹುಟ್ಟುತ್ತಿದ್ದ ಕರುಗಳ ವಿಚಾರವನ್ನು 1979ರಲ್ಲಿಯೇ ಬರೆದರು. ಅದೇ ಗ್ರಾಮದ ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು, ಕೊಡೆಂಕೀರಿ ತೋಡಿನ ಆಸುಪಾಸಿನ ಮನೆಗಳಿಂದ ಬರುತ್ತಿದ್ದ ರೋಗಿಗಳಲ್ಲಿ ಮಾನಸಿಕ ಅಸ್ವಾಸ್ಥ್ಯ, ಅಪಸ್ಮಾರ, ಹುಟ್ಟುಕುರುಡುತನ, ಅರ್ಬುದ ಮೊದಲಾದುವು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ, ಕಾರಣವನ್ನು ಹುಡುಕುತ್ತ ಹೋದರು. ಜಿಲ್ಲೆಯ ದಕ್ಷಿಣದಲ್ಲಿ ಪೆರಿಯದ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿಯಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಮೊರೆಹೊಕ್ಕು, ತಾನು ಸರಕಾರದ ಉದ್ಯೋಗಿ ಎಂಬ ಭಯವನ್ನೂ ಬದಿಗಿಟ್ಟು, ಸಿಂಪಡಣೆಗೆ ತಡೆಯನ್ನು ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ಮನುಷ್ಯರ ರಕ್ತ ಇವುಗಳನ್ನು ಪರೀಕ್ಷಿಸಿ ಕೀಟನಾಶಕದ ಶೇಷವನ್ನು ತೋರಿಸಿಕೊಟ್ಟಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ವಾಣಿನಗರದ ಶಾಲಾ ಮಕ್ಕಳನ್ನು, ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಡನೆ ಹೋಲಿಸಿ ಅಭ್ಯಾಸ ಮಾಡಿತು. ಕೊನೆಗೆ 2011ರ ಏಪ್ರಿಲ್ ತಿಂಗಳಲ್ಲಿ ಜಿನೀವಾದ ಸಮ್ಮೇಳನವು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಈ ವಸ್ತುವನ್ನು ಸೇರಿಸಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಆಜ್ಞಾಪಿಸಿದರೂ, 2022ರ ಮೇ ತಿಂಗಳಲ್ಲಿ ವಿಚಾರಣೆ ಬಂದಾಗ 3,704 ಮಂದಿಯಲ್ಲಿ ಎಂಟು ಮಂದಿಗೆ ಮಾತ್ರ ಅದು ಸಂದಿತ್ತು. ಈ ಅಂಕಿಯನ್ನು ಬರೆಯುವಾಗ ಇಂದಿಗೂ ಮನಸ್ಸು ನೋಯುತ್ತದೆ.

ಇನ್ನು ಕಾನೂನಿನ ಅಹವಾಲು ಸಭೆಯ ವಿಚಾರ. ಗಣಿ, ಕಾರ್ಖಾನೆ, ಬಂದರು, ಅಣೆಕಟ್ಟು ಮೊದಲಾದ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜನ್ನು ಕಡ್ಡಾಯಗೊಳಿಸಿದ ಕೇಂದ್ರದ ಅಧಿಸೂಚನೆ 1994ರಲ್ಲಿ ಹೊರಟಿತು. ಅದಕ್ಕೆ ಸಾರ್ವಜನಿಕ ಅಹವಾಲು ಸಭೆಯ ನಿಯಮ ಸೇರಿದುದು 1997ರಲ್ಲಿ. ಈಗ ಜಾರಿಯಲ್ಲಿರುವ ರೂಪ 2006ರ ಸೆಪ್ಟೆಂಬರ್ 14ರದು. ಅದರ ಪ್ರಕಾರ ಮೂವತ್ತು ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಕರಡನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಸ್ಥಳೀಯ ಸಂಸ್ಥೆಗಳಲ್ಲಿಯೂ ಜನರು ಓದುವಂತೆ ಇಡಬೇಕು. ಸಭೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿಯೇ ನಡೆಯಬೇಕು. ಜಿಲ್ಲಾಧಿಕಾರಿಗಳಾಗಲಿ ಅವರ ಹಿರಿಯ ಪ್ರತಿನಿಧಿಯಾಗಲಿ ಅಧ್ಯಕ್ಷತೆ ವಹಿಸಬೇಕು. ನಡೆದುದೆಲ್ಲವನ್ನೂ ವೀಡಿಯೊದಲ್ಲಿ ದಾಖಲಿಸಬೇಕು. ಕೊನೆಗೆ, ಜನರು ಎತ್ತಿದ ಆಕ್ಷೇಪಗಳ ಸಾರವನ್ನು ಅವರ ಎದುರಿಗೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಈ ಕೊನೆಯ ವಿಧಿಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ತಾನು ಹೇಳಿದುದು ಬರಹದಲ್ಲಿ ಸೇರಿತೋ ಇಲ್ಲವೋ ಎಂದು ತಿಳಿಯುವ ಹಕ್ಕು, ಓದು ಬಾರದ ಮುದುಕಿಗೂ ಅದರಿಂದ ದೊರೆಯುತ್ತದೆ.

ಆದರೆ ಸ್ಥಳೀಯ ಭಾಷೆ ಯಾವುದು? ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಕಾಸರಗೋಡಿನಲ್ಲಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಈ ತಾಲೂಕಿನಲ್ಲಿ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಪೈವಳಿಕೆಗಳ ಹಿರಿಯರು ಓದಿದ್ದು ಕನ್ನಡವನ್ನು. 1969ರ ಕೇರಳದ ಆಡಳಿತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ವ್ಯವಹರಿಸುವ ಮತ್ತು ಆ ಭಾಷೆಯಲ್ಲಿಯೇ ಉತ್ತರ ಪಡೆಯುವ ಅವಕಾಶವನ್ನು ಕೊಟ್ಟಿದೆ. ಪ್ರಕಟಣೆಯನ್ನು ಮಲಯಾಳದಲ್ಲಿ ಮಾತ್ರ ಅಂಟಿಸಿ ಹೋದರೆ ಕಾಗದದ ಮೇಲೆ ಸೂಚನೆ ಕೊಟ್ಟಂತಾಯಿತೇ ಹೊರತು ಮನುಷ್ಯರಿಗೆ ತಿಳಿಸಿದಂತಾಗಲಿಲ್ಲ. ಈ ಪ್ರಶ್ನೆ ಕಾಸರಗೋಡಿನದು ಮಾತ್ರವೂ ಅಲ್ಲ. 2020ರಲ್ಲಿ ಕೇಂದ್ರ ಸರಕಾರವು ಅಹವಾಲಿನ ಮುನ್ಸೂಚನೆಯನ್ನು ಮೂವತ್ತು ದಿನಗಳಿಂದ ಇಪ್ಪತ್ತಕ್ಕೆ ಇಳಿಸುವ ಹೊಸ ಕರಡನ್ನು ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರ ಹೊರಡಿಸಿದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಪ್ರಚುರಪಡಿಸಬೇಕೆಂದು ದೆಹಲಿಯ ಉಚ್ಚನ್ಯಾಯಾಲಯ ಹೇಳಿತು. ಕರ್ನಾಟಕದ ಉಚ್ಚನ್ಯಾಯಾಲಯವು ಆ ಕರಡನ್ನು ಅಂತಿಮಗೊಳಿಸದಂತೆ ತಡೆಯಾಜ್ಞೆಯನ್ನೇ ಕೊಟ್ಟಿತು. ಇದಕ್ಕೂ ಮೊದಲು, 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮಘಟ್ಟಗಳ ವರದಿಯನ್ನು ಸರಕಾರಕ್ಕೆ ಒಪ್ಪಿಸಿ, ಯಾವ ಪ್ರದೇಶಕ್ಕೆ ಯಾವ ನಿರ್ಬಂಧ ಬೇಕೆಂಬುದನ್ನು ಗ್ರಾಮಸಭೆಗಳಲ್ಲಿಯೇ ಚರ್ಚಿಸಿ ತೀರ್ಮಾನಿಸಬೇಕೆಂದು ಸೂಚಿಸಿದ್ದರೂ, ಆ ವರದಿ ಮಾಹಿತಿ ಹಕ್ಕಿನ ಹೋರಾಟದ ಬಳಿಕ 2012ರಲ್ಲಿ ಮಾತ್ರ ಬಹಿರಂಗವಾಗಿ, ಘಟ್ಟದ ರೈತನ ಭಾಷೆಯಲ್ಲಿ ಸಕಾಲಕ್ಕೆ ಅವನ ಕೈ ಸೇರದೆ, ಮನೆ ಕೀಳಿಸುತ್ತಾರೆ, ಹಸು ಸಾಕಲು ಬಿಡುವುದಿಲ್ಲ ಎಂಬ ವದಂತಿಗಳು ಅದರ ಜಾಗದಲ್ಲಿ ಊರೂರು ಸುತ್ತಿದುವು.

ವಾರ್ಡಿನ ಪ್ರತಿನಿಧಿಗೆ ಇಷ್ಟೆಲ್ಲ ಸಾಧ್ಯವೆ ಎಂದು ಸಂದೇಹಪಡುವವರು ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿಯನ್ನು ನೋಡಬೇಕು. ಅಲ್ಲಿಯ ಪ್ಲಾಚಿಮಡದಲ್ಲಿ 2000ದಲ್ಲಿ ಕೊಕಾ-ಕೋಲಾ ಕಂಪನಿಯ ಘಟಕ ಆರಂಭವಾಗಿ, ಸುತ್ತಲಿನ ಆದಿವಾಸಿ ಹಾಡಿಗಳ ಬಾವಿನೀರು ಕೆಟ್ಟಿತೆಂಬ ಕೂಗೆದ್ದಾಗ, ಎ. ಕೃಷ್ಣನ್ ಅವರ ಅಧ್ಯಕ್ಷತೆಯ ಗ್ರಾಮ ಪಂಚಾಯತು 2003ರ ಏಪ್ರಿಲಿನಲ್ಲಿ ಪರವಾನಿಗೆಯನ್ನು ನವೀಕರಿಸಲು ನಿರಾಕರಿಸಿತು. ಅಂತರ್ಜಲವು ಜನತೆಗೆ ಸೇರಿದ ಸೊತ್ತು, ಸರಕಾರ ಅದರ ಕಾವಲುಗಾರ ಮಾತ್ರ ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಕೇರಳದ ಉಚ್ಚನ್ಯಾಯಾಲಯದ ಏಕಸದಸ್ಯ ಪೀಠ ತೀರ್ಪಿತ್ತಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲವಾದರೂ 2004ರ ಮಾರ್ಚಿನಲ್ಲಿ ನಿಂತ ಘಟಕ ಮತ್ತೆ ನಡೆಯಲಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕರೆದ ಹನ್ನೆರಡು ಗ್ರಾಮಸಭೆಗಳೂ ಬಾಕ್ಸೈಟ್ ಗಣಿಯನ್ನು ಬೇಡವೆಂದವು.

ಹೀಗೆ ಗಟ್ಟಿಯಾಗಿ ನಿಲ್ಲುವುದು ಸುಲಭವೆಂದು ನಾನು ಹೇಳಲಾರೆ. ಸದಸ್ಯನಾದವನು ಒಂದು ಪಕ್ಷದ ಚಿಹ್ನೆಯ ಮೇಲೆ ಗೆದ್ದು ಬಂದಿರುತ್ತಾನೆ. ಪಕ್ಷದ ಮೇಲಿನವರು ಒಪ್ಪಿದ ಯೋಜನೆಗೆ ಕೆಳಗಿನವನು ಆಕ್ಷೇಪಿಸಿದರೆ ಮುಂದಿನ ಚುನಾವಣೆಯಲ್ಲಿ ಸ್ಥಾನ ತಪ್ಪಬಹುದು. ಕೋರೆಯ ಧಣಿಯೂ ಅದೇ ವಾರ್ಡಿನವನು, ಕೋರೆಯಲ್ಲಿ ಕಲ್ಲು ಕೊಯ್ಯುವ ಕೂಲಿಯವನೂ ಅದೇ ವಾರ್ಡಿನವನು, ಧೂಳಿನಿಂದ ಕೆಮ್ಮುವ ಮಗುವೂ ಅಲ್ಲಿಯದೇ. ಈ ಮೂವರ ಮಾತನ್ನೂ ಒಂದೇ ಸಭೆಯಲ್ಲಿ ಕುಳ್ಳಿರಿಸಿ ಕೇಳಿ, ಯಾರ ಮಾತನ್ನೂ ಅಳಿಸದೆ ನಡವಳಿಯಲ್ಲಿ ಬರೆಯಿಸಿ, ತನ್ನ ತೀರ್ಮಾನಕ್ಕೆ ಕಾರಣವನ್ನು ಹೇಳುವ ಧೈರ್ಯ ಬೇಕು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷ ಸ್ಥಾನದಲ್ಲಿ ಕುಳಿತು ಊರಿನ ಕೆಲಸ ಮಾಡಿದವರು. ಕೈಗಾದ ಅಣುಸ್ಥಾವರದ ಪ್ರಶ್ನೆಯನ್ನು ಜನರ ಮುಂದಿಡುವುದಕ್ಕಾಗಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಸೋತವರು. ಸ್ಥಾನ ಚಿಕ್ಕದೆಂದೋ ಗೆಲ್ಲಲಾರೆವೆಂದೋ ಅವರು ಹಿಂಜರಿಯಲಿಲ್ಲ.

ಊರು ಸೇರಿ ಆಲೋಚಿಸುವ ಪದ್ಧತಿ ಈ ಜಿಲ್ಲೆಗೆ ಹೊಸದಾಗಿ ಬಂದುದೂ ಅಲ್ಲ. ಮಳೆಗಾಲ ಕಳೆದು ತೋಡಿನ ಹರಿವು ಇಳಿದಾಗ, ಏತಡ್ಕದಂಥ ಕಡೆಗಳಲ್ಲಿ ಕೃಷಿಕರು ಒಟ್ಟುಗೂಡಿ ಕಲ್ಲು ಮಣ್ಣು ಅಡಿಕೆಮರಗಳಿಂದ ಸಾಲುಸಾಲಾಗಿ ಕಟ್ಟಗಳನ್ನು ಕಟ್ಟುತ್ತಾರೆ. ಯಾವ ದಿನ ಕಟ್ಟಬೇಕು, ಯಾರ ಮನೆಯಿಂದ ಎಷ್ಟು ಆಳು, ನೀರು ನಿಂತರೆ ಯಾರ ಗದ್ದೆ ಮುಳುಗುತ್ತದೆ, ಅವನಿಗೆ ಒಪ್ಪಿಗೆಯೋ ಎಂಬುದನ್ನೆಲ್ಲ ಮೊದಲೇ ಮಾತಾಡಿಕೊಳ್ಳದಿದ್ದರೆ ಆ ಕಟ್ಟ ನಿಲ್ಲಲಾರದು. ಮೇಲಿನ ಕಟ್ಟದ ನೀರು ಕೆಳಗಿನವನ ಬಾವಿಯನ್ನು ತುಂಬುವುದರಿಂದ ಕೆಳಗಿನವನ ಆಳು ಮೇಲಿನ ಕೆಲಸಕ್ಕೆ ಬರುತ್ತಾನೆ. ಇದಕ್ಕೆ ವಿರುದ್ಧವಾಗಿ, ರಾಷ್ಟ್ರೀಯ ಹೆದ್ದಾರಿಯನ್ನು ಆರು ಪಥಗಳಿಗೆ ಅಗಲಿಸುವ ಸಲುವಾಗಿ ಚೆರ್ಕಳದ ಆಚೆಗೆ ಗುಡ್ಡಗಳನ್ನು ನೇರವಾಗಿ ಕಡಿದಾಗ, ಮಳೆಯಲ್ಲಿ ಮಣ್ಣು ಜರಿಯುವುದೆಂದು ಅಲ್ಲಿಯ ನೆಲವನ್ನು ಬಲ್ಲವರಿಗೆ ಮೊದಲೇ ಗೊತ್ತಿತ್ತು. ಬೇವಿಂಜೆಯಲ್ಲಿ ಅದು ಜರಿದೂ ಜರಿಯಿತು.

ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ತನ್ನದೇ ಆದ ಮರ, ಹೂ, ಹಕ್ಕಿ, ಜೀವಿಗಳನ್ನು ಘೋಷಿಸಿತು. ಮರವಾಗಿ ಕಾಸರ್ಕ, ಹಕ್ಕಿಯಾಗಿ ಬಿಳಿಹೊಟ್ಟೆಯ ಕಡಲಹದ್ದು, ಹೂವಾಗಿ ಈ ಭಾಗದ ತೊರೆಗಳಲ್ಲಿ ಮಾತ್ರ ಬೆಳೆಯುವ ಪೆರಿಯ ಪೋಳತ್ತಾಳಿ, ಜೀವಿಯಾಗಿ ಚಂದ್ರಗಿರಿಯಲ್ಲಿ ಬದುಕುವ, ಮರಳಿನಲ್ಲಿ ಮೈಹುದುಗಿಸಿ ಕಣ್ಣೂ ಮೂಗೂ ಮಾತ್ರ ಹೊರಗಿಟ್ಟುಕೊಂಡು ಕಾಲ ಕಳೆಯುವ ದೈತ್ಯ ಮೆದುಚಿಪ್ಪಿನ ಆಮೆ. 2002ರ ಜೈವಿಕ ವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಪಂಚಾಯತಿನಲ್ಲಿಯೂ ನಗರಸಭೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು, ಅದು ಊರಿನವರನ್ನು ಕೇಳಿಯೇ ಗಿಡ, ಪ್ರಾಣಿ, ಮದಕ, ಬನಗಳ ದಾಖಲೆಯನ್ನು ಸಿದ್ಧಪಡಿಸತಕ್ಕದ್ದು. ವಿದ್ಯಾನಗರದ ಆಸುಪಾಸಿನ ವಾರ್ಡುಗಳಲ್ಲಿ ಇನ್ನೂ ಉಳಿದಿರುವ ತೆರೆದ ಬಾವಿಗಳು ಎಷ್ಟು, ಯಾವುವು ಬೇಸಗೆಯಲ್ಲಿ ಬತ್ತುತ್ತವೆ, ಯಾವ ತೋಡಿನ ಮೇಲೆ ಕಟ್ಟಡ ಎದ್ದಿದೆ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳನ್ನೂ ಕುಟುಂಬಶ್ರೀಯ ಮಹಿಳೆಯರನ್ನೂ ಜೊತೆಗೂಡಿಸಿಕೊಂಡು ಬರೆದಿಡುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಆ ದಾಖಲೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಸಿದ್ಧವಾಗಿ, ಮುಂದಿನ ವಾರ್ಡುಸಭೆಯಲ್ಲಿ ಫಲಾನುಭವಿಗಳ ಪಟ್ಟಿಗಿಂತ ಮೊದಲು ಓದಲ್ಪಡಬೇಕು.